‘ಏನು’ ಮತ್ತು ‘ಏಕೆ’ಗಳ ನಡುವೆ: ಮನೆಯ ಆಟದಲ್ಲಿ ವಿಜ್ಞಾನ

ತಮಿಳಿನಲ್ಲಿ ‘ಏನ್’ ಎಂದರೆ ಏಕೆ. ಕನ್ನಡದ ಆಡುಮಾತಿನಲ್ಲಿ ‘ಏನ್’ ಎಂದರೆ ಏನು. ಉಚ್ಚಾರಣೆ ಒಂದೇ; ಅದರ ಹಿಂದಿರುವ ಕುತೂಹಲಗಳು ಎರಡು. ಕೊಯಮತ್ತೂರಿನ ದಕ್ಷಿಣಕ್ಕಿರುವ ಪೋತ್ತನೂರಿನ ಕನ್ನಡ ಮನೆಯ ಮಗುವೊಂದು ದಿನಕ್ಕೆ ಹತ್ತಾರು ಬಾರಿ ಈ ಎರಡರ ನಡುವೆ ಓಡಾಡುತ್ತದೆ. ಮನೆಯಲ್ಲಿ ಅಜ್ಜಿಯ ಮುಂದೆ ‘ಏನಜ್ಜಿ ಇದು?’ ಎಂದು ಕೇಳಿ ಹೆಸರನ್ನು ಪಡೆಯುತ್ತದೆ. ಬೀದಿಗಿಳಿದು ಗೆಳೆಯನೊಡನೆ ‘ಏನ್?’ ಎಂದು ಕೇಳಿ ಕಾರಣವನ್ನು ಹುಡುಕುತ್ತದೆ. ಇದೊಂದು ಶಬ್ದಗಳ ಆಕಸ್ಮಿಕ ಸಾಮ್ಯವಷ್ಟೇ ಎಂದು ಭಾಷಾವಿಜ್ಞಾನದ ವಿದ್ಯಾರ್ಥಿ ಹೇಳಬಹುದು. ಆದರೆ ಗಡಿನಾಡಿನ ಅನೇಕ ಮನೆಗಳ ಸ್ಥಿತಿಯೂ ಹೀಗೆಯೇ ಆಗಿದೆ. ಹೆಸರುಗಳೆಲ್ಲ ಮನೆಯ ಭಾಷೆಯಲ್ಲಿ, ಕಾರಣಗಳೆಲ್ಲ ಹೊರಗಿನ ಭಾಷೆಯಲ್ಲಿ. ‘ಏನು’ ಎಂಬ ಪ್ರಶ್ನೆಗೆ ಹೆಸರೊಂದನ್ನು ಕೊಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ‘ಏಕೆ’ ಎಂಬ ಪ್ರಶ್ನೆ ಹಾಗೆ ಮುಗಿಯುವುದಿಲ್ಲ. ಕೈಗೊಂದು ಕೆಲಸ ಬೇಡುತ್ತದೆ, ಮತ್ತೊಂದು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಮಕ್ಕಳಲ್ಲಿ ವಿಜ್ಞಾನದ ಆಸಕ್ತಿ ಬೆಳೆಸುವುದೆಂದರೆ ಈ ಎರಡನೆಯ ಪ್ರಶ್ನೆಯನ್ನು ಮನೆಯ ಮಾತಿನಲ್ಲಿ ಬದುಕಿಸುವುದು ಎಂಬುದು ನನ್ನ ವಾದ. ಅದಕ್ಕೆ ಆಟಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಐಚ್ಛಿಕ ಕನ್ನಡ ಓದುವವರಿಗೆ ಈ ವಿಷಯವೇಕೆ ಎಂದು ನೀವು ಕೇಳುವಿರಿ. ಮುಂದೆ ನಿಮ್ಮಲ್ಲಿ ಬಹುಮಂದಿ ಶಿಕ್ಷಕರಾಗುತ್ತೀರಿ; ಎಲ್ಲರೂ ಅಣ್ಣ, ಅಕ್ಕ, ಚಿಕ್ಕಪ್ಪ, ಅತ್ತೆಯರಂತೂ ಆಗಿಯೇ ಇದ್ದೀರಿ. ಆಟದ ಸಾಮಾನನ್ನು ತಂದುಕೊಡುವವರು ಬೇರೆಯವರಿರಬಹುದು. ಆ ಆಟಕ್ಕೆ ಮಾತನ್ನು ಕೊಡುವವರು ನೀವು.

ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ದೇವಾಂಗ ನೇಕಾರರು, ಒಕ್ಕಲಿಗ ರೈತರು ತಲೆಮಾರುಗಳಿಂದ ಇದ್ದಾರೆ. ಇವರ ಮಕ್ಕಳು ಓದುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡ ಉಳಿದಿರುವುದು ಊಟಕ್ಕೆ ಕರೆಯುವುದಕ್ಕೆ, ಗದರುವುದಕ್ಕೆ, ಮದುವೆ-ಹಬ್ಬದ ಮಾತಿಗೆ. ಯಂತ್ರ, ವಿದ್ಯುತ್ತು, ಲೆಕ್ಕ ಬಂದಕೂಡಲೆ ಅದು ಬಾಗಿಲ ಬಳಿಯೇ ನಿಂತುಬಿಡುತ್ತದೆ. ನಾನು ಬೆಳೆದ ಗಡಿಯಲ್ಲಿ, ಅಂದರೆ ಮರಾಠಿ ಮತ್ತು ಕನ್ನಡಗಳ ನಡುವೆ, ಇದೇ ಸ್ಥಿತಿ ಇನ್ನೊಂದು ರೂಪದಲ್ಲಿತ್ತು. ಪಾವಕಿ, ನಿಮಕಿ, ಸವಾಯಕಿ, ದಿಡಕಿ ಎಂಬ ಭಿನ್ನರಾಶಿಯ ಮಗ್ಗಿಗಳನ್ನು ನಾವು ಮರಾಠಿಯಲ್ಲಿ ಒಪ್ಪಿಸುತ್ತಿದ್ದೆವು; ಇಂದಿಗೂ ಅಂಗಡಿಯಲ್ಲಿ ಕಾಲು, ಮುಕ್ಕಾಲುಗಳ ಲೆಕ್ಕವನ್ನು ಮನಸ್ಸು ಮರಾಠಿಯಲ್ಲೇ ಮಾಡುತ್ತದೆ. ಎರಡು ಭಾಷೆಗಳು ಒಂದು ಮಗುವಿಗೆ ಭಾರವಲ್ಲ. ಒಂದು ಭಾಷೆಗೆ ಮಾತ್ರ ಯೋಚನೆಯ ಹಕ್ಕನ್ನು ಕೊಟ್ಟು ಇನ್ನೊಂದಕ್ಕೆ ಕೊಡದಿರುವುದು ಭಾರ.

ಮಗ್ಗದಿಂದ ಆರಂಭಿಸೋಣ. ನೇಕಾರರ ಮನೆಯಲ್ಲಿ ಮಗ್ಗವೇ ದೊಡ್ಡ ಆಟದ ಸಾಮಾನು; ಆದರೆ ಅದನ್ನು ಮುಟ್ಟಗೊಡುವವರು ಕಡಿಮೆ, ಅದು ಅನ್ನದ ಸಾಧನವಾದ್ದರಿಂದ ಆ ಎಚ್ಚರವೂ ನ್ಯಾಯವೇ. ಅದರ ತತ್ತ್ವವನ್ನು ಕಾಗದದಲ್ಲಿ ಆಡಬಹುದು. ಒಂದು ಬಣ್ಣದ ಕಾಗದವನ್ನು ಎಂಟು ಉದ್ದ ಪಟ್ಟಿಗಳಾಗಿ ಕತ್ತರಿಸಿ ಮೇಲ್ತುದಿಯನ್ನು ರಟ್ಟಿಗೆ ಅಂಟಿಸಿರಿ, ಇವು ಹಾಸು. ಇನ್ನೊಂದು ಬಣ್ಣದ ಎಂಟು ಪಟ್ಟಿಗಳನ್ನು ಅಡ್ಡಲಾಗಿ ತೂರಿಸಿರಿ, ಇವು ಹೊಕ್ಕು. ಪಕ್ಕದಲ್ಲಿ ಎಂಟಕ್ಕೆ ಎಂಟರ ಚೌಕಗಳ ಒಂದು ನಕ್ಷೆ ಇರಲಿ, ಒಟ್ಟು 64 ಮನೆಗಳು. ನಕ್ಷೆಯಲ್ಲಿ ಮನೆ ಕಪ್ಪಾಗಿದ್ದರೆ ಹಾಸು ಮೇಲೆ, ಬಿಳಿಯಾಗಿದ್ದರೆ ಹಾಸು ಕೆಳಗೆ. ಇಷ್ಟೇ ನಿಯಮ. ಮೊದಲು ಚದುರಂಗದ ಹಾಸಿನಂತೆ ಒಂದು ಬಿಟ್ಟು ಒಂದು. ಆಮೇಲೆ ಓರೆ ಗೆರೆ. ಆಮೇಲೆ ಮಗು ತಾನೇ ಬರೆದ ಹೂವು.

ಮೊದಲ ತೊಡಕು ಬೇಗನೆ ಬರುತ್ತದೆ. ಒಂದೇ ಸಾಲಿನಲ್ಲಿ ಐದಾರು ಕಪ್ಪು ಮನೆಗಳನ್ನು ತುಂಬಿದರೆ ಅಡ್ಡಪಟ್ಟಿ ಅಷ್ಟು ದೂರ ಎಲ್ಲಿಯೂ ಸಿಕ್ಕಿಕೊಳ್ಳದೆ ಸಡಿಲವಾಗಿ ಉಳಿಯುತ್ತದೆ. ನಿಜವಾದ ಬಟ್ಟೆಯಲ್ಲಿ ಇಂಥ ಎಳೆ ಉಗುರಿಗೋ ಬಳೆಗೋ ಸಿಕ್ಕಿ ಕಿತ್ತುಬರುತ್ತದೆ. ಚಿತ್ರ ಅಂದವಾಗಿರಬೇಕು, ಬಟ್ಟೆ ಗಟ್ಟಿಯಾಗಿರಬೇಕು. ಎರಡೂ ಒಟ್ಟಿಗೆ ಸುಲಭವಾಗಿ ಒದಗುವುದಿಲ್ಲ. ತಂತ್ರಜ್ಞಾನವೆಂದರೆ ಬಹುಮಟ್ಟಿಗೆ ಈ ಬಗೆಯ ಹೊಂದಾಣಿಕೆಯೇ. ಇದನ್ನು ಎಂಟು ವರ್ಷದ ಮಗು ಕತ್ತರಿ, ಅಂಟುಗಳೊಡನೆ ಅರ್ಧ ಗಂಟೆಯಲ್ಲಿ ಕಾಣಬಲ್ಲದು.

ಎರಡನೆಯ ತೊಡಕು ನಮಗೆ, ಅಕ್ಷರದವರಿಗೆ, ಹೆಚ್ಚು ಪ್ರಿಯವಾದದ್ದು. ಎಂಟರ ಚೌಕದಲ್ಲಿ ಇಂಗ್ಲಿಷಿನ ‘ಇ’ ಅಕ್ಷರವನ್ನೋ ‘ಎಲ್’ ಅಕ್ಷರವನ್ನೋ ನೇಯುವುದು ಸುಲಭ. ಅವು ನೇರ ಗೆರೆಗಳ ಅಕ್ಷರಗಳು. ಕನ್ನಡದ ‘ಗ’ ಹೇಗೋ ಬರುತ್ತದೆ. ‘ಕ್ಷ’ ಬರುವುದಿಲ್ಲ, ‘ಣ’ ಬಂದರೂ ಗುರುತು ಸಿಗುವುದಿಲ್ಲ. ಏಕೆ? ಮಗು ಉತ್ತರವನ್ನು ಹೇಳದೆ ಮಾಡಿ ತೋರಿಸುತ್ತದೆ: ಹದಿನಾರರ ಚೌಕ ಬೇಕು ಎನ್ನುತ್ತದೆ. ಆಗ ಮನೆಗಳು 64ರಿಂದ 256ಕ್ಕೆ ಏರುತ್ತವೆ, ಪಟ್ಟಿ ಸಣ್ಣದಾಗುತ್ತದೆ, ಕತ್ತರಿಸುವ ಕೈಗೆ ತಾಳ್ಮೆ ಬೇಕಾಗುತ್ತದೆ, ‘ಣ’ ಮಾತ್ರ ಕಾಣಿಸಿಕೊಳ್ಳುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರಗಳು ಮೂಡುವ ಬಗೆಯೂ ಇದೇ. ನಮ್ಮ ದುಂಡು ಲಿಪಿಗೆ ಹಳೆಯ ಒರಟು ಚುಕ್ಕೆಗಳ ಪರದೆಗಳು ಒಗ್ಗದೆ ಹೋದದ್ದರ ಒಂದು ಕಾರಣವನ್ನು ಮಗು ತನ್ನ ಬೆರಳುಗಳಿಂದಲೇ ತಿಳಿದುಕೊಳ್ಳುತ್ತದೆ.

ಈ ಆಟಕ್ಕೆ ಉದ್ದವಾದ ಚರಿತ್ರೆಯಿದೆ. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರಲ್ಲಿ ತೂತು ಹೊಡೆದ ರಟ್ಟುಗಳಿಂದ ನಡೆಯುವ ಮಗ್ಗದ ಸಾಧನವನ್ನು ರೂಪಿಸಿದನು. ರಟ್ಟಿನಲ್ಲಿ ತೂತಿದ್ದಲ್ಲಿ ಆ ಹಾಸಿನೆಳೆ ಮೇಲೇಳುತ್ತದೆ, ತೂತಿಲ್ಲದಲ್ಲಿ ಏಳುವುದಿಲ್ಲ. ಹೊಕ್ಕಿನ ಒಂದೊಂದು ಸಾಲಿಗೂ ಒಂದೊಂದು ರಟ್ಟು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತಾನು ಕಲ್ಪಿಸಿದ ಗಣನಯಂತ್ರಕ್ಕೆ ಆದೇಶ ಕೊಡಲು ಇದೇ ರಟ್ಟುಗಳನ್ನು ಆರಿಸಿಕೊಂಡನು. ಸೀರೆಯ ಅಂಚು ನೇಯುವ ಜಕಾರ್ಡ್ ಪೆಟ್ಟಿಗೆಯನ್ನು ನಮ್ಮ ಸೀಮೆಯ ನೇಕಾರರ ಮಕ್ಕಳು ಹುಟ್ಟಿದಾಗಿನಿಂದ ತಲೆಯ ಮೇಲೆ ನೋಡುತ್ತಾರೆ. ಕಂಪ್ಯೂಟರು ಪಟ್ಟಣದಿಂದ ಬಂದ ಪರಕೀಯ ವಸ್ತುವೆಂದೂ, ಮಗ್ಗ ಹಿಂದುಳಿದ ಮನೆಯ ಗುರುತೆಂದೂ ಅವರಿಗೆ ಯಾರು ಕಲಿಸಿದರೋ ತಿಳಿಯದು. ಎಂಟು ಮನೆಗಳ ಒಂದು ಸಾಲನ್ನು ಎಷ್ಟು ಬಗೆಯಲ್ಲಿ ತುಂಬಬಹುದು ಎಂದು ಕೇಳಿ ನೋಡಿ. ಒಂದು ಮನೆಗೆ ಎರಡು, ಎರಡು ಮನೆಗೆ ನಾಲ್ಕು, ಮೂರಕ್ಕೆ ಎಂಟು ಎಂದು ಏರುತ್ತಾ ಎಂಟಕ್ಕೆ 256 ಎಂಬಲ್ಲಿಗೆ ಬಂದಾಗ ಮಗುವಿನ ಮುಖವನ್ನು ನೋಡಬೇಕು.

ಇಲ್ಲಿ ನಿಮಗೊಂದು ಮಾತು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ‘ಭಕ್ತಿಯು ವಚನಗಳಲ್ಲಿ ಹಾಸುಹೊಕ್ಕಾಗಿದೆ’ ಎಂಬ ವಾಕ್ಯವನ್ನು ನಾನು ಪ್ರತಿವರ್ಷ ಓದುತ್ತೇನೆ. ಹಾಸು ಯಾವುದು, ಹೊಕ್ಕು ಯಾವುದು ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಜೇಡರ ದಾಸಿಮಯ್ಯ ನೇಕಾರನೆಂದು ಎಲ್ಲರಿಗೂ ಗೊತ್ತು; ಆತನ ಕೈಯಲ್ಲಿದ್ದ ಲಾಳಿ ಹೇಗಿರುತ್ತದೆಂದು ಗೊತ್ತಿಲ್ಲ. ನೇಕಾರರ ಮನೆಯ ಮಗುವಿಗೆ ಲಾಳಿ, ಕಂಡಿಕೆ, ಹಣಿಗೆ ಎಂಬ ಮಾತುಗಳು ಬರುತ್ತಿದ್ದರೆ ಅದು ನಮಗಿಂತ ಒಂದು ಹೆಜ್ಜೆ ಮುಂದಿದೆ. ಅದೇ ಮಗುವಿಗೆ ತಮಿಳಿನ ಪಾವು, ಊಡೈ ಎಂಬವೂ ತಿಳಿದಿರುತ್ತವೆ. ಕಾಗದದ ಆಟದಲ್ಲಿ ಈ ಹೆಸರುಗಳು ಮತ್ತೆ ನಾಲಿಗೆಗೆ ಬರುತ್ತವೆ. ಈ ಬಾರಿ ಅವುಗಳೊಡನೆ ಕಾರಣವೂ ಬರುತ್ತದೆ.

ಪೋತ್ತನೂರಿಗೆ ಇನ್ನೊಂದು ದೊಡ್ಡ ಆಟಿಕೆಯಿದೆ. ಮದ್ರಾಸಿನಿಂದ ಪಶ್ಚಿಮ ಕರಾವಳಿಗೆ ಹೋಗುವ ರೈಲುಹಾದಿ 1862ರಲ್ಲಿ ಈ ಊರಿನ ಮೂಲಕ ಹಾದುಹೋಯಿತು. ಈಗಲೂ ಇದು ಜಂಕ್ಷನ್. ರೈಲ್ವೆಯ ಸಿಗ್ನಲ್ ಉಪಕರಣಗಳ ಕಾರ್ಖಾನೆಯೂ ಇಲ್ಲಿದೆ. ಕುರ್ಚಿಗಳನ್ನು ಸಾಲಾಗಿಟ್ಟು ರೈಲಾಟ ಆಡದ ಮಗು ಇಲ್ಲ. ಆ ಆಟಕ್ಕೆ ಒಂದು ಪ್ರಶ್ನೆಯನ್ನು ಸೇರಿಸಿ: ಎರಡು ಕಡೆಯಿಂದ ಬರುವ ರೈಲುಗಳಿಗೆ ಒಮ್ಮೆಗೇ ಹಸಿರು ತೋರಿಸಿದರೆ? ‘ತೋರಿಸಬಾರದು’ ಎಂದು ಮಗು ಹೇಳುತ್ತದೆ. ಸಿಗ್ನಲ್ಲಿನವನು ಮರೆತರೆ? ‘ಮರೆಯಬಾರದು’ ಎನ್ನುತ್ತದೆ. ಮರೆತರೂ ಆಗದ ಹಾಗೆ ಮಾಡಲು ಬರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ನಿಜವಾದ ವಿಜ್ಞಾನ ಇಲ್ಲಿ ಶುರುವಾಗುತ್ತದೆ.

ದಪ್ಪ ರಟ್ಟಿನ ಎರಡು ಪಟ್ಟಿಗಳನ್ನು ಒಂದು ಬೆರಳಿನಷ್ಟು ಅಂತರದಲ್ಲಿ ಸಮಾನಾಂತರವಾಗಿ ಇಡಿ. ಹಿಂದೆ ಮುಂದೆ ಜಾರುವಂತೆ, ಪಕ್ಕಕ್ಕೆ ಸರಿಯದಂತೆ ಅಂಚುಗಳಿಗೆ ರಟ್ಟಿನ ತಡೆಗಳನ್ನು ಅಂಟಿಸಿ. ಎದುರುಬದುರಾದ ಒಳ ಅಂಚುಗಳಲ್ಲಿ ಒಂದೊಂದು ಇಳಿಜಾರಾದ ಕಚ್ಚು ಕೊರೆಯಿರಿ. ಎರಡು ತುದಿಯೂ ಚೂಪಾದ ಒಂದು ತುಂಡು ರಟ್ಟನ್ನು ನಡುವೆ ಅಡ್ಡಲಾಗಿ ಇಡಿ. ಅದು ಅಡ್ಡಡ್ಡ ಮಾತ್ರ ಜರುಗುವಂತೆ ಅದರ ಎರಡೂ ಮಗ್ಗುಲಿಗೆ ತಡೆ ಇರಲಿ. ಅದರ ಉದ್ದ ಪಟ್ಟಿಗಳ ನಡುವಣ ಅಂತರಕ್ಕಿಂತ ಒಂದು ಕಚ್ಚಿನ ಆಳದಷ್ಟು ಹೆಚ್ಚಿರಲಿ. ಈಗ ಒಂದು ಪಟ್ಟಿಯನ್ನು ಎಳೆದರೆ ಅದರ ಕಚ್ಚಿನ ಇಳಿಜಾರು ನಡುವಣ ತುಂಡನ್ನು ಎದುರು ಪಟ್ಟಿಯ ಕಚ್ಚಿನೊಳಕ್ಕೆ ತಳ್ಳುತ್ತದೆ. ಎದುರು ಪಟ್ಟಿ ಅಲ್ಲಾಡದೆ ಸಿಕ್ಕಿಬೀಳುತ್ತದೆ. ಮೊದಲನೆಯದನ್ನು ಸ್ವಸ್ಥಾನಕ್ಕೆ ತಂದಮೇಲೆ ಮಾತ್ರ ಎರಡನೆಯದಕ್ಕೆ ಬಿಡುಗಡೆ. ಎರಡೂ ಒಮ್ಮೆಗೇ ಬರುವುದು ಸಾಧ್ಯವೇ ಇಲ್ಲ. ಹಳೆಯ ಸಿಗ್ನಲ್ ಗೂಡುಗಳಲ್ಲಿ ಸನ್ನೆಕೋಲುಗಳನ್ನು ಒಂದಕ್ಕೊಂದು ಬೀಗ ಹಾಕಿ ನಿಲ್ಲಿಸುತ್ತಿದ್ದ ವಿಧಾನದ ತಿರುಳು ಇದೇ. ನಂಬಿಕೆ, ನೆನಪು, ಶಿಸ್ತು ಇವುಗಳ ಮೇಲೆ ಬಿಡಬಾರದ್ದನ್ನು ವಸ್ತುವಿನ ಆಕಾರಕ್ಕೇ ಒಪ್ಪಿಸುವುದು ಎಷ್ಟು ದೊಡ್ಡ ವಿಚಾರ! ರಟ್ಟಿನ ಅಳತೆ ಮೊದಲ ಸಲ ತಪ್ಪುತ್ತದೆ, ತುಂಡು ಸಿಕ್ಕಿಕೊಳ್ಳುತ್ತದೆ ಅಥವಾ ಉದುರಿಹೋಗುತ್ತದೆ. ದೊಡ್ಡವರು ಆಗ ಕೈಹಾಕಬಾರದು. ಇದು ಹೇಳಲು ಸುಲಭ. ಮಾಡಲು ಬಹಳ ಕಷ್ಟ.

ಕೊಯಮತ್ತೂರು ಮೋಟಾರು, ಪಂಪುಗಳ ಊರು. 1932ರಲ್ಲಿ ನೀಲಗಿರಿಯ ಪೈಕಾರದಲ್ಲಿ ಜಲವಿದ್ಯುತ್ ಆರಂಭವಾದ ಮೇಲೆ ಈ ಸೀಮೆಯ ಗಿರಣಿಗಳಿಗೂ ಬಾವಿಗಳಿಗೂ ಹೊಸ ಶಕ್ತಿ ಬಂತು. ಇಲ್ಲಿಯ ಜಿ. ಡಿ. ನಾಯ್ಡು 1937ರಲ್ಲಿ ಡಿ. ಬಾಲಸುಂದರಂ ಅವರೊಡನೆ ಸೇರಿ ವಿದ್ಯುತ್ ಮೋಟಾರನ್ನು ತಯಾರಿಸಿದರು. ನಮ್ಮ ದೇಶದಲ್ಲೇ ತಯಾರಾದ ಮೊದಲ ಮೋಟಾರೆಂದು ಅದನ್ನು ಹೇಳುವುದು ವಾಡಿಕೆ. 1893ರಲ್ಲಿ ಕಲಂಗಲ್ ಎಂಬ ಹಳ್ಳಿಯ ರೈತಕುಟುಂಬದಲ್ಲಿ ಹುಟ್ಟಿದ ನಾಯ್ಡು ತೆಲುಗು ಮನೆಮಾತಿನವರು. ಶಾಲೆಯ ಓದು ಪ್ರಾಥಮಿಕ ಹಂತದಲ್ಲೇ ನಿಂತಿತು. ಹೋಟೆಲಿನಲ್ಲಿ ದುಡಿದು ಹಣ ಕೂಡಿಸಿ ಒಂದು ಮೋಟಾರ್ ಸೈಕಲ್ ಕೊಂಡು, ಅದನ್ನು ಬಿಚ್ಚಿ ಮತ್ತೆ ಜೋಡಿಸುವುದರಿಂದ ಅವರ ಯಂತ್ರವಿದ್ಯೆ ಮೊದಲಾಯಿತು. ಶಾಲೆ ಬೇಡವೆಂಬುದಕ್ಕೆ ಈ ಕಥೆಯನ್ನು ಸಾಕ್ಷಿಯಾಗಿ ಹೇಳುವವರಿದ್ದಾರೆ. ಅದು ಅವಿವೇಕ, ನಾಯ್ಡು ಅವರೇ ಮುಂದೆ ತಾಂತ್ರಿಕ ಶಿಕ್ಷಣಕ್ಕಾಗಿ ದುಡಿದವರು. ಬಿಚ್ಚುವುದಕ್ಕೆ ಅನುಮತಿ ಬೇಕೆಂಬುದಕ್ಕೆ ಮಾತ್ರ ಅದು ಸಾಕ್ಷಿ. ನಮ್ಮ ಮನೆಗಳಲ್ಲಿ ಕೆಟ್ಟುಹೋದ ಗಡಿಯಾರ, ಟಾರ್ಚುಗಳನ್ನು ಗುಜರಿಗೆ ಕೊಡುವ ಮುನ್ನ ಒಂದು ದಿನ ಮಗುವಿನ ಕೈಗೆ ಸ್ಕ್ರೂಡ್ರೈವರಿನೊಡನೆ ಕೊಟ್ಟರೆ ನಷ್ಟವೇನು? ವಿದ್ಯುತ್ ಸಂಪರ್ಕಕ್ಕೆ ಹಾಕುವ ಸಾಧನಗಳು ಮಾತ್ರ ಈ ಆಟಕ್ಕೆ ಬೇಡ.

ಮೋಟಾರನ್ನೇ ಮಾಡಬಹುದು. ಮೋಟಾರಿಗೆ ಹೊಸ ಸುರುಳಿ ಸುತ್ತುವ ಅಂಗಡಿಗಳು ಈ ಊರಿನ ಯಾವ ಬೀದಿಯಲ್ಲಿಲ್ಲ? ಅಲ್ಲಿ ಕಸವಾಗಿ ಬಿದ್ದ ಅರಗು ಲೇಪದ ತಾಮ್ರದ ತಂತಿಯನ್ನು ಟಾರ್ಚಿನ ಸೆಲ್ಲಿಗೆ ಹತ್ತು ಹದಿನೈದು ಸುತ್ತು ಸುತ್ತಿ ತೆಗೆದರೆ ಒಂದು ಬಳೆ. ಅದರ ಎರಡು ತುದಿಗಳು ಎರಡು ಕಡೆಗೆ ಚಾಚಿದ ತೋಳುಗಳು. ಸೆಲ್ಲಿನ ಎರಡು ಕೊನೆಗಳಿಗೆ ಎರಡು ಸೇಫ್ಟಿ ಪಿನ್ನುಗಳನ್ನು ನಿಲ್ಲಿಸಿ, ಅವುಗಳ ಕಣ್ಣಿನಲ್ಲಿ ತೋಳುಗಳನ್ನು ತೂರಿಸಿ, ಬಳೆಯ ಕೆಳಗೆ ಸೆಲ್ಲಿನ ಬೆನ್ನ ಮೇಲೆ ಒಂದು ಅಯಸ್ಕಾಂತ. ಗುಟ್ಟು ಇರುವುದು ಲೇಪವನ್ನು ಕೆರೆಯುವುದರಲ್ಲಿ. ಒಂದು ತೋಳನ್ನು ಪೂರ್ತಿ ಕೆರೆಯಬೇಕು; ಇನ್ನೊಂದನ್ನು ಅರ್ಧ ಮಗ್ಗುಲು ಮಾತ್ರ. ಎರಡನ್ನೂ ಪೂರ್ತಿ ಕೆರೆದರೆ ಬಳೆ ತುಯ್ದಾಡಿ ನಿಂತುಬಿಡುತ್ತದೆ. ಅರ್ಧ ಸುತ್ತಿನಲ್ಲಿ ಅಯಸ್ಕಾಂತವು ಮುಂದಕ್ಕೆ ತಳ್ಳಿದರೆ ಉಳಿದರ್ಧದಲ್ಲಿ ಹಿಂದಕ್ಕೆ ತಳ್ಳುತ್ತದೆ. ಆ ಉಳಿದರ್ಧದಲ್ಲಿ ವಿದ್ಯುತ್ತನ್ನು ತಡೆದರೆ ಬಳೆ ತನ್ನ ವೇಗದಲ್ಲೇ ಅದನ್ನು ದಾಟಿಹೋಗುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಡಿ. ನಿಂತುಹೋಗುವ ಮೋಟಾರನ್ನೇ ಮೊದಲು ಮಾಡಲಿ. ತಂತಿ ಬಿಸಿಯಾಗುವುದರಿಂದ ಬಹಳ ಹೊತ್ತು ಓಡಿಸಬಾರದು. ಸಣ್ಣ ಅಯಸ್ಕಾಂತ, ಗುಂಡಿ ಸೆಲ್ಲುಗಳನ್ನು ನುಂಗಿದರೆ ಪ್ರಾಣಕ್ಕೆ ಅಪಾಯವಾದ್ದರಿಂದ ಮನೆಯಲ್ಲಿ ತೀರ ಚಿಕ್ಕ ಮಕ್ಕಳಿದ್ದರೆ ಎಣಿಸಿ ತೆಗೆದಿಡಬೇಕು.

ಇಷ್ಟಕ್ಕೂ ಕೊಳ್ಳಬೇಕಾದದ್ದು ಹೆಚ್ಚಿಲ್ಲ ಎಂಬುದನ್ನು ಗಮನಿಸಿರಿ. ಕಸದಿಂದ ಆಟಿಕೆ ಮಾಡುವ ಈ ಮಾರ್ಗವನ್ನು ನಮ್ಮ ದೇಶದಲ್ಲಿ ಬೆಳೆಸಿದವರು ಅರವಿಂದ ಗುಪ್ತ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಶುರುವಾದ ಶಾಲಾ ವಿಜ್ಞಾನ ಕಾರ್ಯಕ್ರಮದ ಸಂಪರ್ಕದಿಂದ ಅವರು ಈ ದಾರಿಗೆ ಬಂದರು. ಮುಂದೆ ಪುಣೆಯ ‘ಮುಕ್ತಾಂಗಣ ವಿಜ್ಞಾನ ಶೋಧಿಕಾ’ದಲ್ಲಿ ವರ್ಷಗಟ್ಟಲೆ ಕೆಲಸಮಾಡಿದರು. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ರಬ್ಬರಿನಿಂದ ಜೋಡಿಸಿದರೆ ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ ಎಂಬುದನ್ನು ಅವರ ಪುಸ್ತಕಗಳಿಂದ ಮರಾಠಿ ಮಕ್ಕಳು ಕಲಿತರು.

ಕನ್ನಡದಲ್ಲಿ ಈ ಪರಂಪರೆ ಬಡವಾಗಿಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದನು, ಸಾಹಿತ್ಯಚರಿತ್ರೆಯಲ್ಲಿ ನೀವು ಅವನನ್ನು ಒಂದು ಸಾಲಿನಲ್ಲಿ ಓದಿ ಮುಂದೆ ಹೋಗುತ್ತೀರಿ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಎರಡು ವರ್ಷ ನಡೆಯಿತು. ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು 1936ರಲ್ಲಿ ತಂದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣವನ್ನು ಆಟ, ಕುಣಿತ, ವೀಕ್ಷಣೆಗಳ ಮೂಲಕ ನಡೆಸಲು ಯತ್ನಿಸಿದರು. ಆದರೆ ಗಡಿಯಾಚೆಯ ಕನ್ನಡ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಲಿಪಿಯೇ ಬರುವುದಿಲ್ಲ. ಪುಸ್ತಕ ತಲುಪದ ಕಡೆಗೆ ಮಾತು ತಲುಪಬೇಕು.

ಆ ಮಾತು ಯಾವುದು? ‘ವಿದ್ಯುತ್ಕಾಂತೀಯ’, ‘ಘರ್ಷಣೆ’ ಮೊದಲಾದ ಪಠ್ಯಪುಸ್ತಕದ ಪದಗಳಿಂದ ಆರಂಭಿಸಬೇಕಾಗಿಲ್ಲ. ಮರಾಠಿಯಲ್ಲೂ ಇಂಥವೇ ಪದಗಳಿವೆ, ಅಲ್ಲಿಯ ಮಕ್ಕಳಿಗೂ ಅವು ಅಷ್ಟೇ ದೂರ. ಜಾರು, ತುಯ್ಯಿ, ಎಳೆ, ಸಿಕ್ಕಿಕೊಳ್ಳು, ತಿರುಗು, ಒರಗು ಎಂಬ ಮನೆಯ ಕ್ರಿಯಾಪದಗಳಲ್ಲಿ ಯಂತ್ರಶಾಸ್ತ್ರದ ಅರ್ಧ ಅಡಗಿದೆ. ಹೆಸರುಗಳೂ ನೋಟವನ್ನು ಕಲಿಸುತ್ತವೆ. ಮರಾಠಿಯಲ್ಲಿ ‘ಭೋವರಾ’ ಎಂದರೆ ಬುಗುರಿ. ನೀರಿನ ಸುಳಿಯೂ ತಲೆಗೂದಲಿನ ಸುಳಿಯೂ ಅದೇ. ಕನ್ನಡದಲ್ಲಿ ಬುಗುರಿ ಬೇರೆ, ‘ಸುಳಿ’ ಬೇರೆ; ಆದರೆ ನಮ್ಮ ಸುಳಿ ನೀರಿನಲ್ಲಿದೆ, ತಲೆಯ ಮೇಲಿದೆ, ಬಾಳೆಯ ಗಿಡದಲ್ಲೂ ಇದೆ. ಬುಗುರಿಗೂ ಸುಳಿಗೂ ಸಂಬಂಧವಿದೆಯೇ ಎಂಬ ಪ್ರಶ್ನೆಯನ್ನು ಮರಾಠಿ ಮಗುವಿಗೆ ಭಾಷೆಯೇ ಕೇಳುತ್ತದೆ. ಕನ್ನಡದ ಮಗುವಿಗೆ ಅಜ್ಜನೋ ಅಕ್ಕನೋ ಕೇಳಬೇಕು.

ಚೌಕಾಬಾರದ ಕವಡೆಗಳನ್ನೇ ತೆಗೆದುಕೊಳ್ಳಿ. ನಾಲ್ಕು ಕವಡೆ, ಎಲ್ಲ ಬಾಯ್ತೆರೆದು ಬಿದ್ದರೆ ನಾಲ್ಕು, ಎಲ್ಲ ಕವುಚಿ ಬಿದ್ದರೆ ಎಂಟು. ಒಂದೊಂದು ಕವಡೆಗೂ ಎರಡು ಬಗೆ ಎಂದು ಹಿಡಿದರೆ ನಾಲ್ಕಕ್ಕೆ ಹದಿನಾರು ಬಗೆ. ಅವುಗಳಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ, ನಾಲ್ಕು ಬೀಳುವುದು ಒಂದೇ ಬಗೆಯಲ್ಲಿ, ಎಂಟೂ ಒಂದೇ ಬಗೆಯಲ್ಲಿ. ಆ ಎರಡಕ್ಕೆ ಹಿರಿಯರು ಮತ್ತೊಂದು ಎಸೆತದ ಬಹುಮಾನ ಇಟ್ಟದ್ದು ಸುಮ್ಮನೆ ಅಲ್ಲ. ಆದರೆ ಕವಡೆಯ ಬೆನ್ನು ದುಂಡು, ಹೊಟ್ಟೆ ಚಪ್ಪಟೆ. ಎರಡೂ ಮಗ್ಗುಲು ಸಮವಾಗಿ ಬೀಳುತ್ತವೆಂದು ಯಾರು ಹೇಳಿದರು? ನೂರು ಸಲ ಎಸೆದು ಗೋಡೆಯ ಹಳೆಯ ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಾ ಹೋಗಲಿ. ಆಮೇಲೆ ಒಂದು ಮಗ್ಗುಲು ಬೆಳ್ಳಗಾಗುವಂತೆ ಉಜ್ಜಿದ ಹುಣಸೆಬೀಜಗಳಿಂದ ಇನ್ನು ನೂರು. ಎರಡು ಪಟ್ಟಿಗಳೂ ಒಂದೇ ಆಗಿರಲಾರವು.

‘ಇಂಗ್ಲಿಷಿಲ್ಲದೆ ವಿಜ್ಞಾನವೆಲ್ಲಿ?’ ಎಂಬ ತಂದೆತಾಯಿಯರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಕ್ಕಳ ಉದ್ಯೋಗದ ಚಿಂತೆ ಅವರದು. ಇಂಗ್ಲಿಷು ಶಾಲೆಯಲ್ಲಿ ಹೇಗೂ ಬರುತ್ತದೆ. ತಂತಿಯ ಬಳೆ ಏಕೆ ನಿಂತಿತು ಎಂದು ಒಂದು ಸಂಜೆ ಅಜ್ಜಿಯೊಡನೆ ಕನ್ನಡದಲ್ಲಿ ವಾದಿಸಿದ ಮಗುವಿಗೆ ಅದನ್ನೇ ಮರುದಿನ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಹೇಳಲು ಬೇಕಾದದ್ದು ನಾಲ್ಕಾರು ಪದಗಳು ಮಾತ್ರ. ವಿಷಯ ಆಗಲೇ ಅದರ ಸ್ವತ್ತಾಗಿರುತ್ತದೆ. ದುಬಾರಿ ಪೆಟ್ಟಿಗೆಗಳಲ್ಲಿ ಬರುವ ‘ವಿಜ್ಞಾನದ ಕಿಟ್’ಗಳ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ. ಅವುಗಳಲ್ಲಿ ಎಲ್ಲವೂ ಮೊದಲ ಸಲವೇ ಸರಿಯಾಗಿ ಕೂಡಿಕೊಳ್ಳುತ್ತದೆ, ಮಗುವಿಗೆ ಕೇಳಲು ಏನೂ ಉಳಿಯುವುದಿಲ್ಲ.

ಈ ಸಲದ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ಮಗುವಿನೊಡನೆ ಇವುಗಳಲ್ಲಿ ಒಂದನ್ನು ಆಡಿನೋಡಿ. ಪಕ್ಕದಲ್ಲಿ ಒಂದು ನೋಟುಪುಸ್ತಕವಿರಲಿ. ಮಗು ಬಳಸಿದ ಮಾತುಗಳನ್ನು ಅದು ಆಡಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ತಮಿಳು ಬೆರೆತಿದ್ದರೆ ಬೆರೆತಂತೆಯೇ ಇರಲಿ. ಮನೆಯ ಹಿರಿಯ ನೇಕಾರರನ್ನೋ ರೈಲ್ವೆ ನಿವೃತ್ತರನ್ನೋ ಕರೆದು ಜೊತೆಯಲ್ಲಿ ಕೂರಿಸಿ, ಅವರು ಹೇಳುವ ಹೆಸರುಗಳನ್ನೂ ಸೇರಿಸಿ. ಒಂದು ಪುಟದಲ್ಲಿ ‘ಏನು’ ಎಂಬುದಕ್ಕೆ ಬಂದ ಉತ್ತರಗಳು, ಎದುರು ಪುಟದಲ್ಲಿ ‘ಏಕೆ’ ಎಂಬುದಕ್ಕೆ ಬಂದವು. ವಿಭಾಗ ತೆರೆದ ಮೊದಲ ವಾರ ಆ ನೋಟುಪುಸ್ತಕಗಳನ್ನು ಭಾಷಾವಿಜ್ಞಾನದ ತರಗತಿಯಲ್ಲಿ ಒಟ್ಟಿಗೆ ತೆರೆಯೋಣ. ಎಡಪುಟಗಳು ತುಂಬಿರುವುದು ಖಂಡಿತ. ಬಲಪುಟಗಳಲ್ಲಿ ಏನಿರುತ್ತದೆಂದು ನೋಡುವ ಆಸೆ ನನಗಿದೆ.